ತೋರಿಸಬಾರದ ಜಾಗ

ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತವನು ಅವನ ಸ್ವಂತ ತಮ್ಮ.

"ಸರಿ ಆ ಕಡೆ, ಲಾನ್ರೆ," ಎಂದ ಅದೆಬಾಂಜೊ.

"ಎಲ್ಲಿಗಣ್ಣ?"

"ಹೊರಗೆ. ಗಾಳಿಗೆ."

"ಇಲ್ಲೇ ಕೂತ್ಕೋ. ಫ್ಯಾನ್ ಹಾಕ್ತೀನಿ."

ಕರೆಂಟಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಅದೆಬಾಂಜೊನ ಮಗಳು ಅರಿನೊಲಾ ನಿನ್ನೆ ಸಂಜೆ ಜ್ವರದಲ್ಲಿ ತೀರಿಕೊಂಡಿದ್ದಳು. ಈಗ ಅವಳ ಓರಗೆಯವರು ಅವಳನ್ನು ಎಲ್ಲೋ ಮಣ್ಣು ಮಾಡುತ್ತಿದ್ದರು. ಎಲ್ಲಿ ಎಂದು ಹೆತ್ತವರಿಗೆ ಹೇಳುವಂತಿಲ್ಲ. ಹೆತ್ತವರು ಮಕ್ಕಳ ಗುಂಡಿ ನೋಡಬಾರದು. ಯೊರುಬಾ ಜನರ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎದೆಹಾಲಿನ ಜೊತೆಗೇ ಬರುತ್ತದೆ.

ಅದೆಬಾಂಜೊ ಇಂಜಿನಿಯರು. ಇಬಾದಾನಿನಲ್ಲಿ ಓದಿ, ಜೀವಮಾನವೆಲ್ಲ ಕಂಡವರ ಊರಿಗೆ ರಸ್ತೆ ಹಾಕಿಸಿ, ಕಡೆಗೆ ತನ್ನೂರಿನ ಹೊಳೆಗೂ ಒಂದು ಸೇತುವೆ ಕಟ್ಟಿಸಿದ. ಮೆಚ್ಚಿದ ಅರಸರು ಕೊರಳಿಗೆ ಹವಳದ ಸರ ಹಾಕಿ ಮಾಯೆಗುನ್ ಎಂಬ ಪದವಿ ಕೊಟ್ಟರು. ಲೋಕವನ್ನು ನೆಟ್ಟಗಿಡುವವನು ಎಂದು ಅರ್ಥ. ಅವನಿಗೆ ಅಂದೇ ನಗು ಬಂದಿತ್ತು. ಒಂದು ರಸ್ತೆಯನ್ನು ನೆಟ್ಟಗೆ ಹಾಕುವುದರೊಳಗೇ ಸಾಕುಸಾಕಾಗಿತ್ತು. ಅಡ್ಡಕ್ಕೆ ಯಾರದೋ ಗೋಡೆ, ಯಾರದೋ ದೇವರ ಮರ.

ನಡುಮನೆ ತುಂಬ ಜನ. ಎಳೆಯ ಸಾವಾದ್ದರಿಂದ ಊಟವಿಲ್ಲ, ಡೋಲಿಲ್ಲ. ಏನು ಮಾಡಬೇಕೋ ತೋಚದೆ ಕೈ ಕೈ ಹೊಸೆಯುತ್ತಿದ್ದರು.

"ಮಿಕ್ಕ ಮಕ್ಕಳನ್ನ ದೇವರು ಕಾಯ್ಲಿ, ಮಾಯೆಗುನ್," ಎಂದು ರೂಢಿಯ ಮಾತು ಆಡಿದರು ಒಬ್ಬ ಹಿರಿಯರು.

"ಮಿಕ್ಕೋರು ಯಾರೂ ಇಲ್ಲ."

ಹಿರಿಯರು ಕೆಮ್ಮಿದರು. "ಇವತ್ತು ಆಡೋ ಮಾತಲ್ಲ. ಆದ್ರೂ, ಸಂತೆ ಹತ್ರ ಮೋರಿ ಮತ್ತೆ ಕಟ್ಕೊಂಡಿದೆ."

"ನೋಡೋಣ," ಎಂದುಬಿಟ್ಟ. ಅಂದಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಬೆಳಗಿನಿಂದ ಎಲ್ಲರ ಬಾಯಲ್ಲೂ ಮಾಯೆಗುನ್, ಮಾಯೆಗುನ್. ನಿನ್ನೆಯ ತನಕ ಇವರಿಗೆಲ್ಲ ಅವನು ಅರಿನೊಲಾಳ ಅಪ್ಪ. ಆ ಹೆಸರನ್ನು ರಾತ್ರಿ ಬೆಳಗಾಗುವುದರೊಳಗೆ ಊರು ನುಂಗಿ ನೀರು ಕುಡಿದಿತ್ತು.

ಒಳಕೋಣೆಯಲ್ಲಿ, ಹೆಂಗಸರ ನಡುವೆ, ಹೆಂಡತಿ ಅಸಾಕೆ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು.

"ಅರಿನೊಲಾ ಅಪ್ಪಾ," ಎಂದಳು. ಇನ್ನೂ ಹಾಗೆ ಕರೆದವಳು ಅವಳೊಬ್ಬಳೇ. "ಅಲ್ಲಿ ನೆರಳಿದೆಯಾ?"

"ಗೊತ್ತಿಲ್ಲ, ಅಸಾಕೆ."

"ಈ ಊರಿನ ನೆಲಾನೆಲ್ಲ ಅಳೆದೋರು ನೀವು. ಅವಳಿಗೆ ಬಿಸಿಲು ಆಗಲ್ಲ. ಒಂದ್ಸಲ ನೋಡ್ಕೊಂಡು ಬನ್ರೀ."

"ಬಿಡ್ತು ಅನ್ನೇ!" ಎಂದು ಮುದುಕಿಯೊಬ್ಬಳು ಅವಳ ಬಾಯಿ ಮುಚ್ಚಿದಳು.

ಹಿತ್ತಿಲಿಗೆ ಕಾವಲಿರಲಿಲ್ಲ. ಪದವಿ ಹೊತ್ತವನು ಅಡುಗೆಮನೆಯೊಳಗಿಂದ ನುಸುಳಿಯಾನೆಂದು ಯಾರು ತಾನೇ ಎಣಿಸುತ್ತಾರೆ? ಒಲೆಯ ಬೂದಿ ತುಳಿದುಕೊಂಡು ಹೊರಬಿದ್ದ.

ಬೀದಿ ಬದಿಯಲ್ಲಿ ಗೆಣಸಿನ ಹಿಟ್ಟು ಹುರಿಯುತ್ತಿದ್ದವಳು ಅವನನ್ನು ಕಂಡು ಮಂಡಿಯೂರಿದಳು.

"ಹುಡುಗರು ಯಾವ ಕಡೆ ಹೋದರಮ್ಮ?"

"ಹೊಳೆ ಕಡೆ, ಒಡೆಯಾ."

ಮುಂದೆ ಕೇಳಿದಾಗ ದರ್ಜಿ ಹೊಲಿಗೆ ಯಂತ್ರ ಬಿಟ್ಟೆದ್ದು ನೆಲ ಮುಟ್ಟಿದ. "ಶಾಲೆ ಹಿಂದೆ ಅಂತ ಕಾಣುತ್ತೆ, ಮಾಯೆಗುನ್." ಅವನ ಕಣ್ಣು ತುಂಬಿತ್ತು.

ಇಷ್ಟು ಪ್ರೀತಿಯಿಂದ ಅವನಿಗೆ ಯಾರೂ ಸುಳ್ಳು ಹೇಳಿರಲಿಲ್ಲ.

ನಡುರಸ್ತೆಯಲ್ಲಿ ನಿಂತು ಯೋಚಿಸಿದ. ಹೊಳೆಯ ದಂಡೆ ಬರೀ ಬಂಡೆ. ಶಾಲೆಯ ಹಿಂದೆ ಮೊಣಕಾಲುದ್ದ ಅಗೆದರೆ ನೀರು. ಗುಂಡಿ ತೋಡಲು ಒಗ್ಗುವ ನೆಲ ಕೋಕೋ ತೋಟದಾಚೆಯ ದಿಬ್ಬವೊಂದೇ. ಲೆಕ್ಕ ಸರಿಯಾಗಿತ್ತು. ಓದಿದ್ದು, ದುಡಿದದ್ದು, ಎಲ್ಲ ಇದಕ್ಕೆ ಬಂತಲ್ಲ ಎಂದುಕೊಂಡಾಗ ಅಳು ಒತ್ತಿ ಬಂತು. ಅಳುತ್ತಲೇ ನಡೆದ. ಎದುರು ಬಂದವರು ಬಾಗಿ, ನೋಡದವರಂತೆ ಹೋದರು.

ದಿಬ್ಬದ ಕಾಲುದಾರಿಯಲ್ಲಿ ಆ ಹುಡುಗರು ಇಳಿದು ಬರುತ್ತಿದ್ದರು, ಹೆಗಲ ಮೇಲೆ ಸಲಿಕೆ ಹೊತ್ತು. ಅವನನ್ನು ಕಂಡು ಥಟ್ಟನೆ ನಿಂತರು. ಯಾರೂ ಹಿಂದಿರುಗಿ ನೋಡಲಿಲ್ಲ. ಮುಂದಿದ್ದವನು ಸಲಿಕೆ ಕೆಳಗಿಟ್ಟು, ಎದೆ ನೆಲಕ್ಕೆ ಹಚ್ಚಿ ಉದ್ದಕ್ಕೆ ಮಲಗಿದ. ಅವನ ಪಕ್ಕಕ್ಕೆ ಇನ್ನೊಬ್ಬ. ಹಿಂದೆ ಮತ್ತಿಬ್ಬರು. ಈ ಬೇಲಿಯಿಂದ ಆ ಬೇಲಿಯ ತನಕ ಕಾಲಿಡಲು ಜಾಗವಿಲ್ಲದಂತೆ ಮಲಗಿದರು.

"ಮಾಯೆಗುನ್," ಎಂದರು ಮಣ್ಣಿಗೆ.

"ದಾರಿ ಬಿಡ್ರೋ."

ಯಾರೂ ಅಲ್ಲಾಡಲಿಲ್ಲ.

"ನಾನು ಅವಳಪ್ಪ ಕಣ್ರೋ."

ಒಬ್ಬನ ಬೆನ್ನು ಬಿಕ್ಕಿತು. ಆದರೂ ಮುಖವೆತ್ತಲಿಲ್ಲ.

ಹಿರಿಯರಿಗೆ ಅಡ್ಡಬಿದ್ದವರು ಅವರು ಏಳಿ ಎನ್ನುವವರೆಗೆ ಏಳುವಂತಿಲ್ಲ. ಏಳಿ ಎಂದರೆ ಎದ್ದು, ಅವನ ಎರಡೂ ತೋಳು ಹಿಡಿದು, ಮೆತ್ತಗೆ ಮನೆಗೆ ಕರೆದೊಯ್ಯುತ್ತಾರೆ. ಮಲಗಿದವರನ್ನು ದಾಟಿದರೆ ಅವರಿಗೆ ಕೇಡು ತಟ್ಟುತ್ತದೆ. ಇವರೂ ಯಾರದೋ ಮಕ್ಕಳು.

ಅವರ ಅಂಗಿಗಳ ಮೇಲೆ ಹಸಿ ಕೆಂಪುಮಣ್ಣು ಮೆತ್ತಿತ್ತು. ಬಿಸಿಲಿಗೆ ಅದು ನಿಧಾನವಾಗಿ ಒಣಗತೊಡಗಿತು. ಸಾಲಾಗಿ ಬಿದ್ದಿದ್ದ ಅಷ್ಟೂ ಎಳೆಯ ಬೆನ್ನುಗಳ ಮುಂದೆ ನೆಟ್ಟಗೆ ನಿಂತಿದ್ದವನು ಅವನೊಬ್ಬನೇ.