ಕೆರಿಯಮ್ಮನ ಮನೆಯ ಚೊಕ್ಕ ಗಾಳಿ

ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಾಳಿ ಇದೆ. ಒಂದು ಪ್ರಶ್ನೆಗೆ ಉತ್ತರ ಹೊಳೆದುಬಿಟ್ಟರೆ ಆಮೇಲೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ನಮ್ಮಮ್ಮ ಇದನ್ನು ನಾನು ಆರನೇ ಕ್ಲಾಸಿನಲ್ಲಿರುವಾಗಲೇ ಕಂಡುಹಿಡಿದಿದ್ದಳು. "ನಿಂಗೆ ಎಂತ ಹೇಳಿರೂ ತಲೆಗೆ ಹೋಗ್ತಿಲ್ಲೆ ಗೌರಿ" ಎನ್ನುತ್ತಿದ್ದಳು. ಅವಳಿಗೆ ಉತ್ತರ ಕೊಡುವುದಕ್ಕೆಂದೇ ಪಿಎಚ್‌ಡಿ ಮಾಡಿದೆನೋ ಏನೋ, ಈಗ ಊರವರೆಲ್ಲ ನನ್ನನ್ನು ವಿಜ್ಞಾನಿ ಶ್ರೀಗೌರಿ ಎನ್ನುತ್ತಾರೆ.

ನನ್ನ ಕೆಲಸ ಗಾಳಿಯಲ್ಲಿ ಏನೇನಿದೆ ಎಂದು ಅಳೆಯುವುದು. ದೊಡ್ಡ ಊರಿನ ಗಾಳಿ ಕೆಟ್ಟದ್ದು, ಮಲೆನಾಡಿನ ಗಾಳಿ ಅಮೃತ ಎಂದು ಎಲ್ಲರೂ ನಂಬಿದ್ದಾರೆ. ಅಂಥವರು ಅಡಿಕೆ ಸುಗ್ಗಿಯಲ್ಲಿ ಒಮ್ಮೆ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬೈಕಿನಲ್ಲಿ ಬರಬೇಕು, ಕಣ್ಣುರಿಯೇ ಎಲ್ಲ ಹೇಳುತ್ತದೆ. ಸುಲಿದ ಅಡಿಕೆ ಬೇಯಿಸಲು ಅಂಗಳ ಅಂಗಳದಲ್ಲಿ ಒಲೆ ಉರಿಯುತ್ತಿರುತ್ತದೆ. ಸಿಪ್ಪೆಯ ರಾಶಿಗಳು ರಸ್ತೆ ಬದಿಯಲ್ಲಿ ವಾರಗಟ್ಟಲೆ ಹೊಗೆಯಾಡುತ್ತವೆ. ಬೆಳಿಗ್ಗೆ ಅದನ್ನು ನೋಡಿದ ಪ್ರವಾಸಿಗಳು ಕಾರು ನಿಲ್ಲಿಸಿ, ಎಂಥಾ ಮಂಜು ಎಂದು ಫೋಟೋ ತೆಗೆದುಕೊಳ್ಳುತ್ತಾರೆ. ಮಂಜಂತೆ, ಮಣ್ಣಂತೆ!

ಈ ಹೊಗೆಯನ್ನು ಅಳೆಯಲು ಮೂರು ಕಡೆ ಯಂತ್ರ ಇಟ್ಟೆ. ಒಂದು ಸಾಗರದಲ್ಲಿ, ಒಂದು ತೀರ್ಥಹಳ್ಳಿಯಲ್ಲಿ, ಇನ್ನೊಂದು ಹೊಸನಗರದಾಚೆಯ ಒಂದು ಹಳ್ಳಿಯಲ್ಲಿ ಕೆರಿಯಮ್ಮನ ಮನೆಯ ಜಗಲಿಯ ಮೇಲೆ. ಯಂತ್ರವೆಂದರೆ ದೊಡ್ಡದೇನಲ್ಲ, ಅಕ್ಕಿ ಡಬ್ಬದಷ್ಟು ಗಾತ್ರ. ಒಳಗಿನ ಪಂಪು ಗಾಳಿ ಎಳೆಯುತ್ತದೆ, ಗಾಳಿಯಲ್ಲಿರುವ ಮಸಿ ಒಂದು ಬಿಳಿ ಕಾಗದದ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ಹೋಗಿ ಕಾಗದ ಬದಲಿಸಿ, ಹಳೆಯದನ್ನು ಲ್ಯಾಬಿಗೆ ತರುತ್ತಿದ್ದೆ.

ಕೆರಿಯಮ್ಮನಿಗೆ ಅರವತ್ತೆರಡು ವರ್ಷ. ಆಕೆ ಅಡಿಕೆ ಬೇಯಿಸಿದರೆ ಬಣ್ಣ ಚೆನ್ನಾಗಿ ಬರುತ್ತದೆಂದು ಸುತ್ತಿನ ನಾಲ್ಕೈದು ಮನೆಯವರು ತಮ್ಮ ಅಡಿಕೆಯನ್ನೂ ಅಲ್ಲಿಗೇ ತಂದು ಹಾಕುತ್ತಿದ್ದರು. ಹಾಗಾಗಿ ಸುಗ್ಗಿ ಮುಗಿಯುವವರೆಗೂ ದಿನಾ ಸಂಜೆ ಆಕೆಯ ಅಂಗಳದಲ್ಲಿ ಒಲೆ ಹತ್ತುತ್ತಿತ್ತು. ಹೊಗೆ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಯಂತ್ರ ಕೂರಿಸಿದ ದಿನ, ಇದು ತುಂಬಾ ಸೂಕ್ಷ್ಮದ ಸಾಮಾನು, ಜೋಪಾನವಾಗಿ ನೋಡಿಕೊಳ್ಳಿ ಎಂದೆ. ಆಯ್ತು ಮೇಡಮ್ಮ ಎಂದು ಕೆರಿಯಮ್ಮ ತಲೆಯಾಡಿಸಿದಳು.

ಮೊದಲ ವರ್ಷದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ನನಗೆ ಆಶ್ಚರ್ಯವಾಯಿತು. ಸಾಗರದ್ದು, ತೀರ್ಥಹಳ್ಳಿಯದ್ದು ಕಾವಲಿಯ ತಳದಂತೆ ಕಪ್ಪು. ಕೆರಿಯಮ್ಮನ ಮನೆಯದ್ದು ಬರೀ ಬೂದಿ ಬಣ್ಣ. ಬುದ್ಧಿ ಇದ್ದವರಾದರೆ ಅಲ್ಲೇ ಅನುಮಾನ ಪಡುತ್ತಿದ್ದರು. ನನಗೆ ಉತ್ತರ ಹೊಳೆಯಿತು. ಆ ಮನೆಯ ಹಿಂದೆ ಎತ್ತರದ ಗುಡ್ಡವಿದೆ. ಸಂಜೆ ಗುಡ್ಡದ ತಂಪು ಗಾಳಿ ಕೆಳಗಿಳಿದು ಹೊಗೆಯನ್ನು ಕಣಿವೆಗೆ ತಳ್ಳಿಕೊಂಡು ಹೋಗುತ್ತದೆ. ಯಂತ್ರದಲ್ಲಿ ಗಾಳಿಯ ತೇವ ಅಳೆಯುವ ಒಂದು ಭಾಗವೂ ಇತ್ತು. ಅದರ ಅಂಕಿ ಪ್ರತಿದಿನ ಸಂಜೆ ಆರಕ್ಕೆ ಸರಿಯಾಗಿ ಮೇಲೇರುತ್ತಿತ್ತು. ತಂಪು ಗಾಳಿ ಇಳಿಯುತ್ತಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಎರಡನೇ ವರ್ಷವೂ ಹಾಗೇ ಬಂತು. ಲೇಖನ ಬರೆದೆ, ಅಚ್ಚಾಯಿತು. ಸಮ್ಮೇಳನದಲ್ಲಿ ಓದಿದಾಗ ಚಪ್ಪಾಳೆ ಬಿತ್ತು, ಬೆನ್ನು ತಟ್ಟಿದರು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಖುಷಿಯಲ್ಲೇ ಒಂದು ದಿನ ಕೆರಿಯಮ್ಮನ ಮನೆಗೆ ಹೋದೆ. ಆಗ ಅಲ್ಲಿ ಅತ್ತೆ ಸೊಸೆಗೆ ಜಟಾಪಟಿ ನಡೆದಿತ್ತು. ಸೊಸೆ ಪ್ರತಿಮಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ತಿಳಿದವಳು. ಅತ್ತೆಗೆ ಕೆಮ್ಮು ಹೆಚ್ಚಾಗಿದೆ, ಒಲೆಯನ್ನು ಹಿತ್ತಲ ಆಚೆಗೆ ಹಾಕಿ ಹೊಗೆ ಮೇಲೆ ಹೋಗಲು ಎತ್ತರದ ಕೊಳವೆ ಇಡಿಸೋಣ, ಬೇರೆಯವರ ಅಡಿಕೆ ಬೇಯಿಸುವುದನ್ನು ನಿಲ್ಲಿಸೋಣ ಎನ್ನುವುದು ಅವಳ ಹಟ. ನಲವತ್ತು ವರ್ಷದಿಂದ ಕೂತ ಜಾಗ ಬಿಟ್ಟು ಏಳುವುದಿಲ್ಲ ಎನ್ನುವುದು ಕೆರಿಯಮ್ಮನ ಹಟ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ.

"ನಿಮ್ಮನೆ ಗಾಳಿ ಚೊಕ್ಕ ಇದೆ ಕೆರಿಯಮ್ಮ" ಎಂದೆ. "ನಾನೇ ಎರಡು ವರ್ಷ ಅಳೆದು ನೋಡಿದೀನಿ. ನಿಮ್ಮ ಹೊಗೆನೆಲ್ಲ ಗುಡ್ಡದ ಗಾಳಿ ಹೊತ್ಕೊಂಡು ಹೋಗ್ತದೆ."

ಕೆರಿಯಮ್ಮ ಗೆದ್ದವಳಂತೆ ಸೊಸೆಯ ಮುಖ ನೋಡಿದಳು. ಪ್ರತಿಮಾ ಮಾತ್ರ ನನ್ನನ್ನು ಬಸ್ಸಿನವರೆಗೆ ಕಳಿಸಿಕೊಡುತ್ತಾ, ಹಾಗಾದರೆ ಅತ್ತೆ ಕೆಮ್ಮುವುದು ಯಾಕೆ ಎಂದು ಕೇಳಿದಳು. ವಯಸ್ಸಾಯಿತಲ್ಲ, ಯಾರಿಗಾದರೂ ತೋರಿಸಿ ಎಂದೆ. ಗಾಳಿ ನನ್ನ ವಿಷಯ, ಕೆಮ್ಮು ನನ್ನ ವಿಷಯವಲ್ಲ ಎಂದು ನಾನು ನಿಜವಾಗಿಯೂ ಅಂದುಕೊಂಡಿದ್ದೆ. ಕೊಳವೆಯ ಮಾತು ಅಲ್ಲಿಗೇ ನಿಂತಿತು.

ನಾನು ಹೋಗುತ್ತಿದ್ದುದು ಯಾವಾಗಲೂ ಬೆಳಿಗ್ಗೆ. ಈ ಸಲದ ಸುಗ್ಗಿಯಲ್ಲಿ ಒಂದು ಮಂಗಳವಾರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಕೆರಿಯಮ್ಮನ ಮನೆ ತಲುಪುವಾಗ ಸಂಜೆಯಾಗಿತ್ತು. ಕೆರಿಯಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆಯಿಂದ ಬೆಂಕಿ ಊದುತ್ತಿದ್ದಳು. ಅಂಗಳದ ತುಂಬ ಹೊಗೆ. ಜಗಲಿಯ ಕಡೆ ನೋಡಿದರೆ ನನ್ನ ಯಂತ್ರ ಕಾಣಲಿಲ್ಲ. ಅದರ ಜಾಗದಲ್ಲಿ ನೀರು ತೊಟ್ಟಿಕ್ಕುವ ಒಂದು ಗೋಣಿಚೀಲ ಇತ್ತು. ಯಂತ್ರ ಅದರೊಳಗಿತ್ತು.

ಇದೇನು ಎಂದು ಕೇಳಿದೆ.

"ಹೊಗೆ ಹೊಡ್ದು ಮಿಷನ್ನು ಕೆಟ್ಟೋದ್ರೆ ಎಂತ ಮಾಡೋದು ಮೇಡಮ್ಮ? ಜೋಪಾನ ಅಂದಿದ್ರಲ್ಲ" ಎಂದಳು. "ದಿನಾ ಒಲೆ ಹಚ್ಚೋಕ್ ಮುಂಚೆ ಒದ್ದೆ ಗೋಣಿ ಹೊದೆಸ್ತೀನಿ, ಬೆಳಿಗ್ಗೆ ತೆಗಿತೀನಿ. ಒಂದ್ ದಿನಾನೂ ತಪ್ಸಿಲ್ಲ."

ಅವಳ ಮುಖದಲ್ಲಿ ಎಂಥಾ ಅಭಿಮಾನವಿತ್ತು ಎಂದು ನಾನು ಹೇಗೆ ಹೇಳಲಿ. ಹೊಗೆಯನ್ನು ತಡೆದದ್ದು ಗೋಣಿ. ಸಂಜೆ ಆರಕ್ಕೆ ಏರುತ್ತಿದ್ದ ತೇವವೂ ಗೋಣಿಯದ್ದೇ. ಗುಡ್ಡದಿಂದ ಯಾವ ಗಾಳಿಯೂ ಇಳಿದಿರಲಿಲ್ಲ. ಎರಡು ವರ್ಷ ಆ ಹೊಗೆಯೆಲ್ಲ ಹೋದದ್ದು ಕೆರಿಯಮ್ಮನ ಎದೆಯೊಳಗೆ, ಚೊಕ್ಕ ಗಾಳಿ ಎಂದು ಹೇಳಿ ಅವಳನ್ನು ಅಲ್ಲಿ ಕೂರಿಸಿದವಳು ನಾನು.

ಆಗಲೇ ಅವಳ ಪಕ್ಕದಲ್ಲಿ ಕೂತು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ತಪ್ಪಾಗಿದೆ ಎಂದು ಬರೆಯಲಿಕ್ಕೂ ಸಾಕ್ಷಿ ಬೇಕು, ಗೋಣಿ ಇಲ್ಲದೆ ಮೂರು ವಾರ ಅಳೆಯಬೇಕು ಎಂದು ತಲೆ ಓಡತೊಡಗಿತು. ಈಗಲೇ ಹೇಳಿದರೆ ಪ್ರತಿಮಾ ಇವತ್ತೇ ಒಲೆ ಆರಿಸುತ್ತಾಳೆ. ಒಲೆ ಆರಿದರೆ ನಾನು ಏನನ್ನು ಅಳೆಯಲಿ? ಇದಕ್ಕೆ ನಾನು ವಿಜ್ಞಾನ ಎಂದು ಹೆಸರಿಟ್ಟೆ. ಥೂ, ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಇನ್ನು ಮೇಲೆ ಗೋಣಿ ಹೊದಿಸಬೇಡಿ ಎಂದೆ. ಯಾಕೆ ಎಂದು ಕೇಳಿದಳು. ಮಿಷನ್ನಿಗೆ ಹೊಗೆ ಬೇಕು ಎಂದೆ. ಅವಳಿಗೆ ವಿಚಿತ್ರವೆನಿಸಿರಬೇಕು, ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡಳು. ಹೌದು, ಹೊಗೆ ಬೇಕು ಎಂದು ಮತ್ತೊಮ್ಮೆ ಹೇಳಿ ಬಸ್ಸು ಹತ್ತಿದೆ.

ಮೊದಲ ವಾರದ ಕಾಗದವೇ ಕೆಂಡ ಆರಿದ ಇದ್ದಿಲಿನ ಬಣ್ಣಕ್ಕೆ ಬಂದಿತ್ತು. ಮೂರನೇ ವಾರಕ್ಕೆ ಸಾಗರ, ತೀರ್ಥಹಳ್ಳಿ ಎರಡನ್ನೂ ಹಿಂದೆ ಹಾಕಿತು. ಲೇಖನ ಹಿಂತೆಗೆದುಕೊಳ್ಳುತ್ತೇನೆ ಎಂದು ಪತ್ರಿಕೆಗೆ ಉದ್ದದ ಪತ್ರ ಬರೆದೆ. ಒಂದು ಸಾಲನ್ನೂ ಮುಚ್ಚಿಡಲಿಲ್ಲ. ಕಳಿಸಿದ ಮೇಲೆ, ಪರವಾಗಿಲ್ಲ, ನಾನು ಪ್ರಾಮಾಣಿಕಳು ಎಂದು ನನಗೆ ನಾನೇ ಹೇಳಿಕೊಂಡೆ ಕೂಡ. ಕೆರಿಯಮ್ಮನಿಗೆ ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ.

ನಾಳೆಯಾಗುವ ಮೊದಲೇ ಪ್ರತಿಮಾಳ ಫೋನು ಬಂತು. ಅತ್ತೆಗೆ ಎರಡು ಮೆಟ್ಟಿಲು ಹತ್ತಲಾಗುತ್ತಿಲ್ಲ, ಮಾತಾಡಿದರೆ ಉಬ್ಬಸ ಬರುತ್ತದೆ, ಸಾಗರದಲ್ಲಿ ನಿಮಗೆ ಗೊತ್ತಿರುವ ಡಾಕ್ಟರು ಇದ್ದಾರಾ ಎಂದಳು. ಇದ್ದರು. ಡಾಕ್ಟರ್ ಸುಪ್ರಿಯಾ ನನ್ನ ಜೊತೆ ಓದಿದವಳು, ಎದೆ ರೋಗದ ತಜ್ಞೆ. ಅತ್ತೆ ಸೊಸೆಯನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ.

ಸುಪ್ರಿಯಾ ಒಂದು ಕೊಳವೆ ಕೊಟ್ಟು ಕೆರಿಯಮ್ಮನಿಂದ ಮೂರು ಸಲ ಉಸಿರು ಊದಿಸಿದಳು. ಮೂರನೇ ಸಲ ಅರ್ಧಕ್ಕೇ ಕೆಮ್ಮು ಬಂತು. ಸುಪ್ರಿಯಾ ಪರದೆಯ ಮೇಲಿನ ಅಂಕಿ ಬರೆದುಕೊಂಡಳು. ಆಮೇಲೆ, ಶ್ವಾಸಕೋಶ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ಮೆಲ್ಲಗೆ ಹೇಳಿದಳು. ಪ್ರತಿಮಾ ಅಳತೊಡಗಿದಳು.

ಬೀಡಿ ಸೇದುತ್ತೀರಾ, ಹೊಗೆಯ ಹತ್ತಿರ ಕೂರುತ್ತೀರಾ ಎಂದು ಸುಪ್ರಿಯಾ ಕೇಳಿದಳು.

"ಒಲೆ ಮುಂದೆ ಕೂರ್ತೀನಿ ಡಾಕ್ಟ್ರಮ್ಮ. ಆದ್ರೆ ನಮ್ಮನೆ ಹೊಗೆ ಎಂತದೂ ಮಾಡಲ್ಲ" ಎಂದಳು ಕೆರಿಯಮ್ಮ, ಉಸಿರು ಎಳೆದುಕೊಳ್ಳುತ್ತಾ. "ಗಾಳಿ ಹೊತ್ಕೊಂಡು ಹೋಗ್ತದೆ. ನಮ್ ಮೇಡಮ್ಮನೇ ಮಿಷನ್ ಇಟ್ಟು ನೋಡಿ ಹೇಳಿದಾರೆ."

ನನ್ನತ್ತ ಕೈ ತೋರಿಸಿದಳು. ಸುಪ್ರಿಯಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಅದು ತಪ್ಪು. ನಾನು ಹೇಳಿದ್ದು ತಪ್ಪು" ಎಂದೆ. ಗೋಣಿಯ ವಿಷಯ, ಕಾಗದದ ವಿಷಯ, ಎಲ್ಲವನ್ನೂ ಹೇಳಿದೆ. ಕೆರಿಯಮ್ಮನ ಮನೆಯ ಹೊಗೆ ಎಲ್ಲೂ ಹೋಗುವುದಿಲ್ಲ, ಮೂರೂ ಊರಿನಲ್ಲಿ ಅತಿ ಕೆಟ್ಟ ಗಾಳಿ ಅದೇ ಎಂದೆ. ಯಾವಾಗ ಗೊತ್ತಾಯಿತು ಎಂದು ಪ್ರತಿಮಾ ಕೇಳಿದಳು. ಮೂರು ವಾರವಾಯಿತು ಎಂದೆ. ಅವಳು ಅಳು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. ಬೈದುಬಿಟ್ಟಿದ್ದರೆ ಒಳ್ಳೆಯದಿತ್ತು.

ಕೆರಿಯಮ್ಮನಿಗೆ ಸಿಟ್ಟು ಬರಲಿಲ್ಲ. ಅವಳು ಯಾವುದನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು.

"ಹಂಗಾದ್ರೆ ಮಿಷನ್ನಿಗೆ ಹೊಗೆ ಬೇಕು ಅಂದಿದ್ದು?"

"ಅಳೆಯೋಕೆ ಕೆರಿಯಮ್ಮ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ತನ್ನಿಂದಲೇ ಏನೋ ಹೆಚ್ಚುಕಮ್ಮಿ ಆಗಿದೆ ಎನ್ನುವ ಹಾಗೆ ದನಿ ತಗ್ಗಿಸಿದಳು.

"ಗಾಳಿ ಹೊತ್ಕೊಂಡು ಹೋಗಿ ನಿಮ್ಗೆ ಹೊಗೆ ಸಾಲ್ದೇ ಹೋದೀತು ಅಂತ, ಈ ಮೂರು ವಾರ ದಿನಾ ಹಸಿ ಸಿಪ್ಪೆ ಹಾಕಿ, ಮಿಷನ್ ಕಡೆಗೆ ನಾನೇ ಊದ್ತಾ ಕೂತಿದ್ದೆ ಮೇಡಮ್ಮ."