ಕುಂತೇ ಕೈ ಮುಗೀರಿ

ಘತ್ತರಗಿಯ ಅಂಬಿಗ ಸೈದಪ್ಪ ಆ ಚೂಪು ತಳದ ಬೋಟನ್ನು ನೋಡಿದ ಕೂಡಲೇ ಅದಕ್ಕೆ ಮನಸೋತ. ಮೂಗು ಮೇಲೆತ್ತಿಕೊಂಡು ನಿಂತ ಅದರ ಠೀವಿಯೇ ಬೇರೆ. ಪಕ್ಕದಲ್ಲಿದ್ದ ಚಪ್ಪಟೆ ತಳದ್ದೋ, ಹಿಟ್ಟು ನಾದುವ ಪರಾತದ ಹಾಗೆ ನೀರಿನ ಮೇಲೆ ಬಿದ್ದುಕೊಂಡಿತ್ತು. ಎರಡನ್ನೂ ಜೇವರ್ಗಿಯ ಬೋಟು ವ್ಯಾಪಾರಿ ರಾಜೇಸಾಬ ಲಾರಿಯಲ್ಲಿ ತಂದು ಭೀಮಾ ಹೊಳೆಗಿಳಿಸಿದ್ದ. ಸಂಜೆಯೊಳಗೆ ಒಂದನ್ನು ಆರಿಸಬೇಕು, ಇನ್ನೊಂದು ವಾಪಸ್ಸು ಹೋಗುತ್ತದೆ.

ನಾಡಿದ್ದು ಅಮಾವಾಸ್ಯೆ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಆಚೆ ದಡದಿಂದ ಬರುವವರು ಇಪ್ಪತ್ತೆರಡು ವರ್ಷ ಸೈದಪ್ಪನ ಹುಟ್ಟನ್ನೇ ನಂಬಿ ದಾಟಿದವರು. ಈಗ ಅವನ ರಟ್ಟೆ ಸೋತಿತ್ತು, ಮಷಿನ್ ಬೋಟು ಬೇಕೇ ಬೇಕಾಗಿತ್ತು. ಆದರೆ ಅದು ಓಲಾಡಿ ಮಂದಿ ಹೆದರಿ ಹತ್ತದೆ ಹೋದರೆ ಅವನ ಕಸುಬು ಅಲ್ಲಿಗೇ ಮುಗಿಯಿತು.

ಹೆಂಡತಿ ಶಿವಗಂಗಾಳ ಒಲವು ಚಪ್ಪಟೆಯ ಕಡೆಗೆ. ಹೊಳೆಯ ನಡುವೆ ಗುಡಿ ಕಂಡರೆ ಸಾಕು, ದೋಣಿಯಲ್ಲಿದ್ದವರೆಲ್ಲ ಎದ್ದು ಒಂದೇ ಬದಿಗೆ ಸರಿದು ಕೈ ಮುಗಿಯುತ್ತಾರೆ. ಅದು ಮೊದಲಿನಿಂದ ನಡೆದು ಬಂದದ್ದು. ಅಗಲ ತಳ ಅದನ್ನು ತಡೆದೀತು, ಚೂಪಿನದು ತಡೆಯದು ಎಂದು ಅವಳ ವಾದ. ಸೈದಪ್ಪ ಅದಕ್ಕೂ ಉಪಾಯ ಹುಡುಕಿದ್ದ. ಕುಳಿತೇ ಕೈ ಮುಗಿಯಲು ಹೇಳಿದರಾಯಿತು, ತನ್ನ ಮಾತು ಮೀರುವವರು ಯಾರಿದ್ದಾರೆ ಎಂದ.

ಪರೀಕ್ಷೆಗೆಂದು ಶಿವಗಂಗಾ ಸೇರಿ ಆರು ಹೆಣ್ಣುಮಕ್ಕಳನ್ನು ಚೂಪು ಬೋಟಿನಲ್ಲಿ ಕೂರಿಸಿಕೊಂಡು ಹೊರಟ. ರಾಜೇಸಾಬ ಚಪ್ಪಟೆಯದರಲ್ಲಿ ಹಿಂದೆ ಬಂದ. ಚೂಪು ಬೋಟು ನೀರು ಸೀಳಿಕೊಂಡು ಓಡಿತು, ಸೈದಪ್ಪನ ಎದೆ ಉಬ್ಬಿತು. ತಿರುವು ದಾಟಿದ್ದೇ ಗುಡಿ ಕಂಡಿತು. ಎಲ್ಲರಿಗಿಂತ ಹಿರಿಯಳಾದ ಗುರಮ್ಮ ಮೊಣಕಾಲಿಗೆ ಕೈಯೂರಿ ಏಳಲು ಹೊರಟಳು.

"ಕುಂತೇ ಕೈ ಮುಗೀರಿ ಆಯಿ. ಯಾರೂ ಏಳಬ್ಯಾಡ್ರಿ" ಎಂದು ಸೈದಪ್ಪ ಗದರಿದ.

ಆರೂ ಜನ ಕದಲದೆ ಕುಳಿತು ಕೈ ಮುಗಿದರು. ಎದ್ದವನು ಸೈದಪ್ಪನೇ. ಇಪ್ಪತ್ತೆರಡು ವರ್ಷದ ರೂಢಿ, ಮೈ ತಾನಾಗಿಯೇ ಎದ್ದಿತು. ಮಷಿನ್ನಿನ ಹಿಡಿಕೆ ಬಿಟ್ಟು, ಬದಿಗೆ ಸರಿದು, ಕಣ್ಣು ಮುಚ್ಚಿದ. ಬೋಟು ಗರಕ್ಕನೆ ತಿರುಗಿತು. ಮುಗಿದ ಕೈ ಮುಗಿದ ಹಾಗೆಯೇ ಅವನು ಹೊಳೆಗೆ ಬಿದ್ದ.

ರಾಜೇಸಾಬ ಮೊದಲೇ ತೋರಿಸಿಕೊಟ್ಟಿದ್ದ ಗುಂಡಿ ಒತ್ತಿ ಶಿವಗಂಗಾ ಮಷಿನ್ ಬಂದ್ ಮಾಡಿದಳು. ರಾಜೇಸಾಬ ಸೈದಪ್ಪನ ತೋಳು ಹಿಡಿದು ಚಪ್ಪಟೆ ಬೋಟಿಗೆ ಎಳೆದುಕೊಂಡ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಸೈದಪ್ಪನಿಗೆ ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು. ಇದೇ ಅಮಾವಾಸ್ಯೆಯಾಗಿದ್ದು, ಎಲ್ಲರೂ ಎದ್ದಿದ್ದರೆ?

ಲಾರಿಗೆ ಯಾವುದನ್ನು ಏರಿಸಲಿ ಎಂದು ರಾಜೇಸಾಬ ಕೇಳಿದ.

"ನಾವು ಕುಂತ ಈ ಬೋಟು ಒಯ್ರಿ ಅಣ್ಣಾರ" ಎಂದಳು ಶಿವಗಂಗಾ. "ಹೇಳಿದ್ರ ಮಂದಿ ಕುಂದರ್ತಾರ. ನಮ್ಮ ಮನಿಯವರು ಕುಂದರಂಗಿಲ್ಲ."

ಗುಡಿ ಇನ್ನೂ ಕಾಣುತ್ತಿತ್ತು. ಅರ್ಧಕ್ಕೇ ನಿಂತ ನಮಸ್ಕಾರ ಮುಗಿಸಬೇಕಲ್ಲ, ಸೈದಪ್ಪ ಮೈಯಿಂದ ನೀರಿಳಿಸುತ್ತಲೇ ಎದ್ದು ಚಪ್ಪಟೆ ಬೋಟಿನ ಒಂದೇ ಬದಿಗೆ ಹೋಗಿ ನಿಂತು ಕೈ ಮುಗಿದ. ಪರಾತ ಅಲುಗಾಡಲಿಲ್ಲ.