ದುರ್ಕಾನ ಶುಕ್ರವಾರ

ಯುದ್ಧದ ನಡುವೆ ನಾವು ಕೂಲಿಗಾಗಿ ಮುಷ್ಕರ ಹೂಡಿದ್ದಕ್ಕೆ, 1943ರ ಮೇ ತಿಂಗಳ ಮೊದಲ ದಿನ ನಮ್ಮ ಗಣಿ ಸರ್ಕಾರದ್ದಾಯಿತು. ಅಧ್ಯಕ್ಷರು ವಾಷಿಂಗ್ಟನ್ನಿನಲ್ಲಿ ಆದೇಶಕ್ಕೆ ರುಜು ಹಾಕಿದರು. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಕಲ್ಲಿದ್ದಲು ಜರಡಿಯ ಗೋಪುರದ ಮೇಲೆ ಒಂದು ಬಾವುಟ ಏರಿತು. ಬೇರೇನೂ ಬದಲಾಗಲಿಲ್ಲ. ಶುಕ್ರವಾರದವರೆಗೆ ಕಂಪನಿಯ ಮೇಲ್ವಿಚಾರಕನಾಗಿದ್ದ ಆರ್ವಿಲ್ ಟ್ರೆಂಟ್ ಶನಿವಾರದಿಂದ ಸರ್ಕಾರದ ಮೇಲ್ವಿಚಾರಕನಾದ. ಅದೇ ಕುರ್ಚಿ, ಅದೇ ಸಿಡುಕು.

ಭಾನುವಾರ ಅಧ್ಯಕ್ಷರು ರೇಡಿಯೋದಲ್ಲಿ ನಮಗೆಂದೇ ಮಾತಾಡಿದರು. ಅವರು ಬಾಯಿ ತೆರೆಯುವ ಮೊದಲೇ ನಮ್ಮ ಸಂಘದ ದೊಡ್ಡವರು ಮುಷ್ಕರ ನಿಲ್ಲಿಸಿದ್ದಾಗಿ ಸಾರಿಬಿಟ್ಟಿದ್ದರು. ಆದರೂ ಅವರು ಮಾತಾಡಿದರು, ನಾವೂ ಕೇಳಿದೆವು. ಜಗಳ ಮುಗಿದ ಮೇಲೆ ಬಿಡಿಸಲು ಬಂದ ಸೋದರಮಾವನಿಗೂ ಕುರ್ಚಿ ಹಾಕುವುದಿಲ್ಲವೇ? ಒಳ್ಳೆಯ ದನಿ, ಒಳ್ಳೆಯ ಮಾತು. ಇಲ್ಲಿ ಕಲ್ಲಿದ್ದಲು ನಿಂತರೆ ಅಲ್ಲಿ ಯುದ್ಧದಲ್ಲಿರುವ ನಮ್ಮದೇ ಮಕ್ಕಳಿಗೆ ಕಷ್ಟ ಎಂದರು. ಅದು ಸುಳ್ಳೆಂದು ಯಾರಿಗೂ ಅನಿಸಲಿಲ್ಲ. ಮಂಗಳವಾರ ಎಲ್ಲರೂ ಗಣಿಗೆ ಇಳಿದರು.

ಬುಧವಾರ ಚಾವಣಿಯ ಕಲ್ಲು ಕುಸಿದು ಮಿಹಾಲ್ ದುರ್ಕಾ ಸತ್ತ.

ಗಣಿಯಲ್ಲಿ ಒಬ್ಬ ಸತ್ತರೆ ಆ ಕ್ಷಣವೇ ಎಲ್ಲರೂ ಮೇಲೆ ಬರುತ್ತಾರೆ. ಅವನನ್ನು ಮಣ್ಣಿಗಿಡುವ ದಿನ ಯಾರೂ ಇಳಿಯುವುದಿಲ್ಲ. ಇದನ್ನು ಯಾವ ಕರಾರಿನಲ್ಲೂ ಬರೆದಿಲ್ಲ. ಹಾಗಾಗಿಯೇ ಇದನ್ನು ಈವರೆಗೆ ಯಾರೂ ಮುರಿದಿರಲಿಲ್ಲ. ದುರ್ಕಾನ ಮಣ್ಣು ಶುಕ್ರವಾರಕ್ಕೆಂದು ಗೊತ್ತಾಯಿತು.

ಗಣಿಗಾರರ ಪರವಾಗಿ ಕಲ್ಲಿದ್ದಲು ಬಂಡಿಗಳ ತೂಕ ನೋಡುವುದು ನನ್ನ ಕೆಲಸ. ನನ್ನ ಮೇಜು ಟ್ರೆಂಟನ ಕಚೇರಿಯ ಮೂಲೆಯಲ್ಲಿದೆ. ಗುರುವಾರ ಬೆಳಿಗ್ಗೆ ನಮ್ಮ ಸಂಘದ ಬ್ಲೆಡಿನ್ ಪ್ರಾಸರ್ ಬಂದು ನಿಂತಾಗ ಟ್ರೆಂಟ್ ಒಂದು ಅಚ್ಚಾದ ಹಾಳೆಯನ್ನು ಅವನತ್ತ ತಳ್ಳಿದ.

"ಓದು. ಗಣಿ ನಿಂತ ದಿನ ಯಾಕೆ ನಿಂತಿತು ಅಂತ ವಾಷಿಂಗ್ಟನ್ನಿಗೆ ಬರೀಬೇಕು. ಯಂತ್ರ ಕೆಟ್ಟಿದ್ದು, ರೈಲು ಬಂಡಿ ಸಿಗದೆ ಇದ್ದದ್ದು, ಮುಷ್ಕರ. ತುಂಬೋಕೆ ಮೂರೇ ಮನೆ."

"ನಾಲ್ಕನೇದು ಗೀಚ್ಕೊಳ್ಳಿ. ಪೆನ್ಸಿಲ್ ಕೊಡ್ಲಾ?"

"ತಮಾಷೆ ಬೇಡ ಪ್ರಾಸರ್. ಇದು ಈಗ ಕಂಪನಿ ಗಣಿ ಅಲ್ಲ. ನಾಳೆ ಇಳೀದೆ ಇದ್ರೆ ನೀವು ಮುಷ್ಕರ ಹೂಡಿರೋದು ನನ್ನ ಮೇಲಲ್ಲ, ಸರ್ಕಾರದ ಮೇಲೆ."

"ನಿಮ್ಮ ಮೇಲಾಗಿದ್ರೆ ಇನ್ನೂ ಖುಷಿಯಾಗಿ ಹೂಡ್ತಿದ್ವಿ" ಎಂದು ಪ್ರಾಸರ್ ಹೊರಟುಹೋದ. ಆದರೆ ಅಂಗಳದಲ್ಲಿ ಅವನ ಹೆಜ್ಜೆ ನಿಧಾನವಾಯಿತು. ಅವನ ಇಬ್ಬರು ಮಕ್ಕಳೂ ಯುದ್ಧದ ಹಡಗಿನಲ್ಲಿ ಸಮುದ್ರದ ಮೇಲಿದ್ದರು.

ಮಧ್ಯಾಹ್ನದ ಹೊತ್ತಿಗೆ, ಪ್ರಾಸರನಿಂದ ಸುದ್ದಿ ಕೇಳಿ, ದುರ್ಕಾನ ಹೆಂಡತಿ ವೆರೋನಾ ಬಂದಳು. ಮಣ್ಣಿಗೆ ಬರುವವರಿಗೆಂದು ಗಸಗಸೆಯ ರೊಟ್ಟಿ ಸುಡುತ್ತಿದ್ದವಳು, ಮೊಣಕೈವರೆಗೂ ಹಿಟ್ಟು. ಟ್ರೆಂಟ್ ಎದ್ದು ನಿಂತ. ಅವಳು ಕೂರಲಿಲ್ಲ.

"ನಾಳೆ ದಿನವನ್ನ ಏನಂತ ಬರೀತೀರಿ ಮಿಸ್ಟರ್ ಟ್ರೆಂಟ್?"

"ನನ್ನ ಕೈಯಲ್ಲೇನೂ ಇಲ್ಲಮ್ಮ. ಹಾಳೆಯಲ್ಲಿ—"

"ನನ್ನ ಮಗ ಆಂದ್ರೆಯ್ ಟ್ಯುನೀಸಿಯಾದಲ್ಲಿ ಯುದ್ಧದಲ್ಲಿದ್ದಾನೆ. ಹೋದ ತಿಂಗಳು ಕಾಗದ ಬರ್ದಿದ್ದ. ಗಣಿಯವರು ಮುಷ್ಕರ ಮಾಡ್ತಾರಂತೆ ಅಂತ ಅಲ್ಲಿ ಹುಡುಗ್ರೆಲ್ಲ ಉಗೀತಿದ್ದಾರೆ, ಅಪ್ಪ ಅದಕ್ಕೆ ಹೋಗಲ್ಲ ತಾನೆ, ಅಂತ." ಅವಳು ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿದಳು. "ಅಪ್ಪನ್ನ ಮಣ್ಣು ಮಾಡಿದ್ದೇ ಮುಷ್ಕರ ಅಂತ ಅವ್ನು ಪೇಪರ್ನಲ್ಲಿ ಓದಬೇಕಾ?"

"ಹಾಗಾದ್ರೆ ಇವರಿಗೆ ಇಳೀರಿ ಅಂತ ನೀವೇ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

"ಕೇಳ್ತಾರೆ. ಅದಕ್ಕೇ ಹೇಳಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಮ್ಮನೆಯವ್ರು ಹದಿನಾಲ್ಕು ಜನ ಸತ್ತಾಗ ಮೇಲೆ ಬಂದಿದ್ದಾರೆ. ಅದ್ರಲ್ಲಿ ಮೂವರನ್ನ ಕಂಡ್ರೆ ಆಗ್ತಿರ್ಲಿಲ್ಲ, ಒಬ್ಬ ನಮ್ಮ ಕೋಳಿ ಕದ್ದಿದ್ದ. ಆದ್ರೂ ಬಂದ್ರು."

ಟ್ರೆಂಟ್ ಕಿಟಕಿಯ ಹೊರಗೆ ನೋಡಿದ. ವೆರೋನಾ ಕೂಡ ಅತ್ತಲೇ ನೋಡಿದಳು.

"ಆ ಬಾವುಟ ಯಾರದು?"

"ಸರ್ಕಾರದ್ದು."

"ಗಣಿ?"

"ಸದ್ಯಕ್ಕೆ ಸರ್ಕಾರದ್ದೇ. ಆದೇಶ ನೀವೂ ಕೇಳಿದ್ದೀರಲ್ಲ."

"ಕೇಳಿದೀನಿ. ಅಧ್ಯಕ್ಷರ ಒಂದು ಮಾತೂ ಬಿಡಲ್ಲ, ಅವ್ರ ಪಟ ನಮ್ಮಡುಗೆಮನೇಲಿದೆ. ಬುಧವಾರ ಸತ್ತವ್ರು ಯಾರ ಆಳು ಹಾಗಾದ್ರೆ? ನಾಳೆ ಇಳೀದೆ ಇರೋರು ಸರ್ಕಾರಕ್ಕೆ ಎದುರು ನಿಂತೋರು ಅಂತೀರಿ. ಸತ್ತಾಗ ಮಾತ್ರ ಕಂಪನಿಯವ್ರಾ?"

ಟ್ರೆಂಟ್ ಖಾನೆಯಿಂದ ಆದೇಶದ ಪ್ರತಿ ತೆಗೆದು ಮೊದಲಿಂದ ಕೊನೆಯವರೆಗೆ ಓದಿದ. ಶನಿವಾರದಿಂದ ಅವನು ಅದನ್ನು ನಮಗೆ ತೋರಿಸಿ ಹೆದರಿಸಿದ್ದೇ ಬಂತು, ಓದಿದ್ದನ್ನು ನಾನು ನೋಡಿರಲಿಲ್ಲ.

"ಇದ್ರಲ್ಲಿ ಸಾಯೋದರ ಬಗ್ಗೆ ಏನೂ ಹೇಳಿಲ್ಲ" ಎಂದ, ನನ್ನತ್ತ ತಿರುಗಿ.

"ಅವಸರದಲ್ಲಿ ಬರ್ದಿರಬೇಕು" ಎಂದೆ.

ಅವನು ನಗಲಿಲ್ಲ. ಹಾಳೆಯನ್ನು ಎಳೆದುಕೊಂಡು ಮುಷ್ಕರದ ಮನೆಯಲ್ಲಿ ಸೊನ್ನೆ ಹಾಕಿದ. ಯಂತ್ರದ ಮನೆಗೂ, ಬಂಡಿಯ ಮನೆಗೂ ಸೊನ್ನೆ. ಅವುಗಳ ಕೆಳಗಿನ ಖಾಲಿ ಜಾಗದಲ್ಲಿ, ಇದೇ ತನ್ನ ನೌಕರಿಯ ಕೊನೆಯ ಬರಹವಾದರೂ ಅಕ್ಷರ ದುಂಡಗಿರಲಿ ಎಂಬಂತೆ, ನಿಧಾನವಾಗಿ ಒಂದು ಸಾಲು ಬರೆದು ನಮಗೆ ಓದಿದ: "ಶುಕ್ರವಾರ. ಗಣಿ ಮುಚ್ಚಿದೆ. ಕರ್ತವ್ಯದಲ್ಲಿ ಮಡಿದ ಸರ್ಕಾರಿ ಕೆಲಸಗಾರ ಮಿಹಾಲ್ ದುರ್ಕಾನ ಅಂತ್ಯಕ್ರಿಯೆ. ಮೇಲ್ವಿಚಾರಕರ ಅಪ್ಪಣೆಯಂತೆ."

"ಅಪ್ಪಣೆ ಯಾವಾಗ ಕೊಟ್ರಿ?" ಎಂದು ಕೇಳಿದೆ.

"ಈಗ."

ಶುಕ್ರವಾರ ಯಾರೂ ಇಳಿಯಲಿಲ್ಲ. ಟ್ರೆಂಟ್ ಚರ್ಚಿನ ಹಿಂದಿನ ಬೆಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕುಳಿತಿದ್ದ; ಹಾಡಿನ ಭಾಷೆ ಅರ್ಥವಾಗದಿದ್ದರೂ ಎಲ್ಲರೂ ಎದ್ದಾಗ ಎದ್ದ, ಕುಳಿತಾಗ ಕುಳಿತ. ಶನಿವಾರ ಮೊದಲ ಪಾಳಿಯಲ್ಲಿ ಕಾಯಿಲೆಯವರೂ ಇಳಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಆ ದಿನದಷ್ಟು ಬಂಡಿಗಳನ್ನು ನಾನು ಆ ವರ್ಷ ತೂಗಲಿಲ್ಲ.

ವಾಷಿಂಗ್ಟನ್ನಿನಿಂದ ಮಾತಿಲ್ಲ. ಆ ಸಾಲನ್ನು ಅಲ್ಲಿ ಯಾರಾದರೂ ಓದಿದರೋ, ಲೆಕ್ಕದ ಮನೆಗಳಲ್ಲಿ ಸೊನ್ನೆಗಳನ್ನು ನೋಡಿ ಸಂತೋಷಪಟ್ಟು ಕಟ್ಟಿಟ್ಟರೋ, ದೇವರಿಗೇ ಗೊತ್ತು.

ಭಾನುವಾರ ಪೂಜೆ ಮುಗಿಸಿ ವೆರೋನಾ ನಮ್ಮ ಮನೆಗೆ ಬಂದಳು. ಅವಳಿಗೆ ಬರೆಯಲು ಬಾರದು. ಆಂದ್ರೆಯ್‌ಗೆ ಕಾಗದ ನಾನೇ ಬರೆಯುವುದು. ಟ್ರೆಂಟನ ಸಾಲನ್ನು ಅಕ್ಷರ ಬಿಡದೆ ಇಳಿಸಿಕೊಂಡೆ. ಎರಡು ಸಲ ಓದಿಸಿದಳು.

"ಇದು ಮೇಲಿರ್ಲಿ" ಎಂದಳು. "ಈಗ ಕೆಳಗೆ ಬರಿ, ಅಪ್ಪ ಹೋದ್ರು ಅಂತ. ಅವ್ನಿಗಿನ್ನೂ ಗೊತ್ತಿಲ್ಲ."